ಲಾವಂಚದ ಘಮ ಬೇರಿಗೆ ಇಳಿದದ್ದು

ಭೂಮಿ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲ. ಬೆಟ್ಟಗಳು ಇನ್ನೂ ಬೆಳೆಯುತ್ತಿದ್ದವು. ಎಷ್ಟು ಎತ್ತರಕ್ಕೆ ನಿಲ್ಲಬೇಕು ಅಂತ ಒಂದರ ಮುಖ ಒಂದು ನೋಡುತ್ತಿದ್ದವು. ಹೊಳೆಗೆ ಸಮುದ್ರದ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಸಿಕ್ಕಿದವರನ್ನೆಲ್ಲ ಕೇಳಿಕೊಂಡು ಹೋಗುತ್ತಿತ್ತು. ಹಸು ಮಾತಾಡಿದರೆ ಮನುಷ್ಯರಿಗೆ ತಿಳಿಯುತ್ತಿತ್ತು. ಗಿಡ ಮಾತಾಡಿದರೆ ಜೇನುಹುಳಕ್ಕೆ ತಿಳಿಯುತ್ತಿತ್ತು. ಎಲ್ಲರದ್ದೂ ಒಂದೇ ಭಾಷೆ.

ಆ ಕಾಲದಲ್ಲಿ ಲಾವಂಚದ ಘಮ ಅದರ ಹೂವಿನಲ್ಲಿತ್ತು.

ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಆದರೆ ಆಗ ಲಾವಂಚದಂಥ ಹೂವು ಮತ್ತೊಂದಿರಲಿಲ್ಲ. ಎದೆಯೆತ್ತರದ ಕಡ್ಡಿ, ಅದರ ತುದಿಯಲ್ಲಿ ನಸುನೀಲಿ ಗೊಂಚಲು. ಬೆಳಗಿನ ಗಾಳಿ ಮೊದಲು ಬಂದು ನಿಲ್ಲುತ್ತಿದ್ದದ್ದು ಅದರ ಹತ್ತಿರ. ಮಡಿಲು ತುಂಬ ಘಮ ತುಂಬಿಕೊಂಡು ಆಮೇಲೆ ಊರೂರು ತಿರುಗಲು ಹೋಗುತ್ತಿತ್ತು. ಬೆಟ್ಟದ ಆಚೆ ಕಡೆಯ ಜನ ಸಹ ಮೂಗರಳಿಸಿ, "ಓ, ಲಾವಂಚ ಹೂ ಬಿಟ್ಟಿದೆ" ಅನ್ನುತ್ತಿದ್ದರು. ಜೇನುಹುಳಗಳಂತೂ ಬೇರೆ ಹೂವಿನ ಕಡೆ ಹೋಗಲು ಮನಸ್ಸೇ ಮಾಡುತ್ತಿರಲಿಲ್ಲ.

ಲಾವಂಚಕ್ಕೆ ಅದರಿಂದ ಜಂಬ ಬಂದಿರಲಿಲ್ಲ. ಆದರೆ ಸಂತೋಷ ಇತ್ತು. ಎಲ್ಲರೂ ತನ್ನನ್ನು ಹುಡುಕಿಕೊಂಡು ಬರುತ್ತಾರೆ ಅನ್ನುವ ಸಂತೋಷ ಯಾರಿಗೆ ಬೇಡ?

ಈ ಲಾವಂಚ ಇದ್ದದ್ದು ಮಾಕವ್ವನ ಮದ್ದಿನ ತೋಟದಲ್ಲಿ.

ಮಾಕವ್ವ ಮತ್ತು ಅವಳ ಗಂಡ ಬೀರಪ್ಪ, ಹೊಳೆಯ ಮೇಲಿನ ಇಳಿಜಾರಿನಲ್ಲಿ ಒಂದು ಗುಡಿಸಲು ಹಾಕಿಕೊಂಡಿದ್ದರು. ಮಕ್ಕಳಿರಲಿಲ್ಲ. ಕೆಂದಿ ಅನ್ನುವ ಕೆಂಪು ಹಸು ಇತ್ತು. ಗುಡಿಸಲಿನಿಂದ ಹೊಳೆಯವರೆಗೂ ಗಿಡಗಳೇ ಗಿಡಗಳು. ಕೆಮ್ಮಿಗೆ ದೊಡ್ಡಪತ್ರೆ, ಜ್ವರಕ್ಕೆ ಅಮೃತಬಳ್ಳಿ, ಗಾಯಕ್ಕೆ ಅರಿಶಿನ, ಮಾತು ತೊದಲುವ ಮಕ್ಕಳ ನಾಲಿಗೆಗೆ ತೇಯ್ದು ಸವರಲು ಬಜೆ. ಮುಡಿಯಲು ಬೇಕಾದವರಿಗೆ ದವನ, ಮರುಗ. ಬೇಲಿಯ ಪಕ್ಕ ಮಜ್ಜಿಗೆಹುಲ್ಲು. ಅಂಗಳದಲ್ಲಿ ತುಳಸಿ.

ಯಾರಿಗೆ ಹುಷಾರಿಲ್ಲದಿದ್ದರೂ ಮಾಕವ್ವನ ಹತ್ತಿರ ಬರುತ್ತಿದ್ದರು. ಕಾಲು ಉಳುಕಿದ ಜಿಂಕೆ ಬರುತ್ತಿತ್ತು. ಗಂಟಲು ಕಟ್ಟಿದ ಕೋಗಿಲೆ ಬರುತ್ತಿತ್ತು. ಮಾಕವ್ವ ಮೊದಲು ಹಣೆ ಮುಟ್ಟಿ ನೋಡುವಳು. ಆಮೇಲೆ, "ಏನಾಗ್ತದೆ, ಹೇಳು" ಅನ್ನುವಳು. ಪೂರ್ತಿ ಕೇಳಿಸಿಕೊಂಡ ಮೇಲೆಯೇ ಎಲೆ ಕೀಳುತ್ತಿದ್ದದ್ದು.

ಎಲೆಯನ್ನು ಜನ ತೆಗೆದುಕೊಂಡು ಹೋದರು. ಹಣ್ಣನ್ನು ಹಕ್ಕಿಗಳು ತೆಗೆದುಕೊಂಡು ಹೋದವು. ಮಕರಂದವನ್ನು ಜೇನುಹುಳ, ಘಮವನ್ನು ಗಾಳಿ. ವರ್ಷ ವರ್ಷವೂ ತೆಗೆದುಕೊಂಡು ಹೋದರು.

ಇವೆಲ್ಲವನ್ನೂ ಕೊಡುತ್ತಿದ್ದದ್ದು ಕೆಳಗಿದ್ದ ಮಣ್ಣು. ಅದರ ಹಣೆಯನ್ನು ಮಾತ್ರ ಯಾರೂ ಮುಟ್ಟಿ ನೋಡಿರಲಿಲ್ಲ.

ಒಂದು ವರ್ಷ, ಮಳೆಗಾಲ ಮುಗಿದು ಚಳಿ ಶುರುವಾಗುತ್ತಿದ್ದಾಗ, ಹೊಳೆಯ ಕೆಳಗಿನ ಹಟ್ಟಿಯಿಂದ ಗಿರಿಯಮ್ಮ ಓಡೋಡಿ ಬಂದಳು. ಕಂಕುಳಲ್ಲಿ ಕೂಸು. ಕೂಸಿನ ಎದೆ ಗೊರಗೊರ ಅನ್ನುತ್ತಿತ್ತು. ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿತ್ತು.

"ಮಾಕವ್ವ, ಹಾಲು ಕುಡೀತಾ ಇಲ್ಲ. ಕುಡಿದದ್ದೂ ನಿಲ್ತಾ ಇಲ್ಲ" ಅಂದಳು ಗಿರಿಯಮ್ಮ. ಅವಳಿಗೂ ಅಳು ಬರುವಂತಿತ್ತು.

"ಕೂತ್ಕೋ ತಾಯಿ. ಗಾಬರಿ ಬೇಡ. ದೊಡ್ಡಪತ್ರೆ ಇರುವಾಗ ಕೆಮ್ಮಿಗೆ ಯಾಕೆ ಹೆದರಬೇಕು?"

ಮಾಕವ್ವ ದೊಡ್ಡಪತ್ರೆಯ ಎಲೆ ಕಿತ್ತು, ಬೆಂಕಿಯಲ್ಲಿ ಬಾಡಿಸಿ, ರಸ ಹಿಂಡಿ, ಜೇನಿನಲ್ಲಿ ಕಲಸಿ ಕೂಸಿನ ಬಾಯಿಗೆ ಸವರಿದಳು. ಕೂಸು ಚಪ್ಪರಿಸಿತು. ಮತ್ತೆ ಕೆಮ್ಮಿತು. ಸಂಜೆಯವರೆಗೂ ಕೆಮ್ಮಿತು. ಮರುದಿನವೂ ಕೆಮ್ಮಿತು.

ಹಾಗೆ ಹಿಂದೆ ಎಂದೂ ಆಗಿರಲಿಲ್ಲ. ಮಾಕವ್ವ ತೋಟಕ್ಕೆ ಹೋಗಿ ಒಂದು ಎಲೆಯನ್ನು ಅಂಗೈಯಲ್ಲಿಟ್ಟು ತಿಕ್ಕಿ ಮೂಸಿ ನೋಡಿದಳು. ವಾಸನೆಯೇ ಇಲ್ಲ. ಬರೀ ನೀರಿನ ಹಾಗೆ. ತುಳಸಿ ಎಲೆ ತಿಕ್ಕಿದಳು. ಅದೂ ಹಾಗೇ. ಮಜ್ಜಿಗೆಹುಲ್ಲು ಜಜ್ಜಿದಳು. ಒಣ ಹುಲ್ಲಿನ ವಾಸನೆ.

"ಏನಾಯ್ತೇ ನಿನಗೆ?" ಅಂತ ದೊಡ್ಡಪತ್ರೆಯನ್ನು ಕೇಳಿದಳು.

ದೊಡ್ಡಪತ್ರೆ ದಪ್ಪ ಎಲೆಗಳನ್ನು ಇಳಿಬಿಟ್ಟು ನಿಂತಿತ್ತು. "ನನ್ನ ತಪ್ಪಲ್ಲ ಮಾಕವ್ವ. ಕೆಳಗಿನಿಂದ ಬರಬೇಕಾದದ್ದು ಬರ್ತಾ ಇಲ್ಲ. ಬೇರು ಚಾಚಿ ಚಾಚಿ ಸಾಕಾಗಿದೆ."

ಮಾಕವ್ವ ಮಂಡಿಯೂರಿ ಕೂತು ಮಣ್ಣಿನ ಮೇಲೆ ಕೈಯಿಟ್ಟಳು. ಕೈ ಹಾಗೇ ಹಿಂದಕ್ಕೆ ಬಂತು. ಚಳಿಗಾಲದ ಬೆಳಗ್ಗೆ, ಇಬ್ಬನಿ ಇನ್ನೂ ಆರಿರಲಿಲ್ಲ. ಆದರೂ ಮಣ್ಣು ಜ್ವರ ಬಂದ ಹಣೆಯ ಹಾಗೆ ಸುಡುತ್ತಿತ್ತು. ಗಟ್ಟಿಯಾಗಿತ್ತು, ಬಿರುಕು ಬಿಟ್ಟಿತ್ತು. ಒಂದು ಎರೆಹುಳ ಸಹ ಕಾಣಲಿಲ್ಲ.

"ಏನಾಗ್ತದೆ, ಹೇಳು" ಅಂದಳು ಮಾಕವ್ವ.

 ಮಣ್ಣಿಗೆ ಮಾತಾಡಿ ಅಭ್ಯಾಸವಿರಲಿಲ್ಲ.

"ಹುಷಾರಿಲ್ಲ" ಅಂತು ಕೊನೆಗೆ. ದನಿ ಬಾವಿಯೊಳಗಿಂದ ಬಂದಂತಿತ್ತು. "ಬಹಳ ದಿನದಿಂದ ಹುಷಾರಿಲ್ಲ."

"ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

ಮಾಕವ್ವನ ಕಣ್ಣಲ್ಲಿ ನೀರು ಬಂತು. ಮಣ್ಣು ನಿಧಾನವಾಗಿ ಹೇಳುತ್ತಾ ಹೋಯಿತು. "ಕೊಡೋದಕ್ಕೆ ನನಗೆ ಬೇಜಾರಿಲ್ಲ. ಆದರೆ ಒಳಗೆ ಏನೂ ಉಳಿದಿಲ್ಲ. ಅದೂ ಅಲ್ಲದೆ ಪ್ರತಿ ಮಳೆಗೂ ನಾನು ಜಾರ್ತಾ ಇದ್ದೀನಿ. ಹೊಳೆ ಬಾ ಬಾ ಅನ್ನುತ್ತೆ. ಹಿಡಿದುಕೊಳ್ಳೋರು ಯಾರೂ ಇಲ್ಲ. ಬರುವ ಮಳೆಗಾಲಕ್ಕೆ ನಾನು ಹೊರಟುಹೋಗ್ತೀನಿ ಅಂತ ಕಾಣುತ್ತೆ."

ಮಾಕವ್ವ ಮನೆಗೆ ಬಂದು ಬೀರಪ್ಪನಿಗೆ ಎಲ್ಲವನ್ನೂ ಹೇಳಿದಳು. ಬೀರಪ್ಪ ಬುಟ್ಟಿ ಹೆಣೆಯುತ್ತಾ ಕೂತಿದ್ದ. ಅವನು ಕೆಟ್ಟವನಲ್ಲ, ಆದರೆ ತಾಪತ್ರಯ ಅಂದರೆ ಅವನಿಗೆ ಆಗುತ್ತಿರಲಿಲ್ಲ.

"ಹಾಗಾದರೆ ಹೊಳೆ ದಾಟಿ ಆಚೆ ದಡಕ್ಕೆ ಹೋಗೋಣ" ಅಂದ. "ಅಲ್ಲಿ ಹೊಸ ಮಣ್ಣಿದೆ, ಯಾರೂ ಮುಟ್ಟಿಲ್ಲ. ಲೋಕ ಇಷ್ಟು ದೊಡ್ಡದಾಗಿದೆ, ಇಲ್ಲೇ ಯಾಕೆ ಒದ್ದಾಡಬೇಕು?"

"ಹುಷಾರಿಲ್ಲದವರನ್ನ ಬಿಟ್ಟು ಹೋಗೋದಾ?"

"ಮಣ್ಣು ಕಣೇ ಅದು, ಮನುಷ್ಯರಲ್ಲ."

"ಹುಷಾರಿಲ್ಲ ಅಂತ ಬಾಯಿಬಿಟ್ಟು ಹೇಳ್ತು ಕಣ್ರೀ. ನಾನು ಕೇಳಿಸಿಕೊಂಡೆ. ಇನ್ನು ಹೇಗೆ ಎದ್ದು ಹೋಗಲಿ?" ಅಂದಳು ಮಾಕವ್ವ. "ಆಚೆ ದಡದ ಮಣ್ಣಿಗೂ ನಾಳೆ ಇದೇ ಗತಿ. ಆಮೇಲೆ ಎಲ್ಲಿಗೆ ಹೋಗ್ತೀರಿ?"

ಬೀರಪ್ಪ ಬುಟ್ಟಿಯ ಕಡ್ಡಿಯನ್ನು ಸುಮ್ಮನೆ ಬಗ್ಗಿಸುತ್ತಾ ಕೂತ.

ಜಿಂಕೆಗೆ ಯಾವ ಎಲೆ, ಕೋಗಿಲೆಗೆ ಯಾವ ಬೇರು ಅಂತ ಮಾಕವ್ವನಿಗೆ ಗೊತ್ತಿತ್ತು. ಮಣ್ಣಿಗೆ ಯಾವ ಮದ್ದು? ಅದು ಗೊತ್ತಿರಲಿಲ್ಲ. ಕೊಟ್ಟಿಗೆಗೆ ಹೋಗಿ ಕೆಂದಿಯ ಕೊರಳಿಗೆ ಒರಗಿ ನಿಂತಳು. ಕೆಂದಿ ಮೆಲುಕು ಹಾಕುವುದನ್ನು ನಿಲ್ಲಿಸಿತು.

"ಅಳಬೇಡ" ಅಂತು ಕೆಂದಿ. "ನಾನು ದಿನವೂ ಹುಲ್ಲು ಮೇಯ್ತೀನಿ. ಆ ಹುಲ್ಲು ಮಣ್ಣಿನದೇ ಅಲ್ಲವೇ? ನಾನು ಕೊಡೋ ಸಗಣಿಯನ್ನ ನೀನು ಗುಡಿಸಿ ಹೊಳೆಗೆ ಹಾಕ್ತೀಯ. ಅದು ಮಣ್ಣಿಗೆ ಸೇರಬೇಕಾದದ್ದು."

ಮಾಕವ್ವ ಬಾಯಿ ಮೇಲೆ ಕೈಯಿಟ್ಟುಕೊಂಡಳು. ನಿಜ. ಅಂಗಳ ಚೊಕ್ಕಟವಾಗಿರಲಿ ಅಂತ ಅವಳು ದಿನವೂ ಅದನ್ನೇ ಮಾಡುತ್ತಿದ್ದಳು.

"ಇನ್ನೊಂದು ಮಾತು" ಅಂತು ಕೆಂದಿ. "ಸತ್ತುಹೋದ ನಮ್ಮವ್ವನ ಕೊಂಬುಗಳನ್ನ ನೀವು ಗೋಡೆಗೆ ಸಿಕ್ಕಿಸಿದ್ದೀರಲ್ಲ, ಅದರೊಳಗೆ ನನ್ನ ಸಗಣಿ ತುಂಬಿ ತೋಟದಲ್ಲಿ ಹೂತಿಡು. ಚಳಿಗಾಲ ಪೂರ್ತಿ ಅಲ್ಲೇ ಇರಲಿ. ಹೊರಗೆ ಎಲ್ಲವೂ ಮುದುರಿಕೊಂಡಿದ್ದಾಗ ಭೂಮಿಯ ಒಳಗೆ ಕೆಲಸ ನಡೆಯುತ್ತೆ. ಬಿಸಿಲು ಏರಿದ ಮೇಲೆ ತೆಗೆದು ನೋಡು. ನೀರಲ್ಲಿ ಚೆನ್ನಾಗಿ ಕದಡಿ ಸಂಜೆ ಹೊತ್ತು ಚಿಮುಕಿಸು."

ಬೀರಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಅವನಿಗೆ ನಂಬಿಕೆ ಇರಲಿಲ್ಲ. ಆದರೂ ಗೋಡೆಯಿಂದ ಕೊಂಬುಗಳನ್ನು ಇಳಿಸಿಕೊಟ್ಟ. ಹೆಂಡತಿ ಅಳುವುದನ್ನು ಅವನು ನೋಡಲಾರ.

ಕೊಂಬುಗಳು ಮಣ್ಣಿನೊಳಗೆ ಹೋದವು. ಚಳಿ ಬಿಗಿಯಾಯಿತು. ಗಿರಿಯಮ್ಮ ಕೂಸನ್ನು ಎತ್ತಿಕೊಂಡು ಆಗಾಗ ಬರುತ್ತಿದ್ದಳು. ಮಾಕವ್ವ ಬಿಸಿನೀರಿನ ಹಬೆ ಕೊಡುವಳು, ಎದೆಗೆ ಬೆಚ್ಚಗೆ ಬಟ್ಟೆ ಸುತ್ತುವಳು. ಕೂಸು ಒಂದು ದಿನ ನಗುವುದು, ಮತ್ತೊಂದು ದಿನ ಕಣ್ಣೇ ಬಿಡದು. ಮೈ ಇಳಿದುಹೋಗಿತ್ತು.

"ನಿನ್ನ ಎಲೆಗೆ ಯಾವಾಗ ಶಕ್ತಿ ಬರುತ್ತೆ ಮಾಕವ್ವ?" ಅಂತ ಗಿರಿಯಮ್ಮ ಕೇಳಿದಳು.

"ಮಣ್ಣಿಗೆ ವಾಸಿಯಾಗಲಿ ಮಗಾ. ಅದು ಎದ್ದರೆ ಎಲ್ಲರೂ ಎದ್ದ ಹಾಗೆ."

ಬಿಸಿಲು ಏರಿತು. ಮಾಕವ್ವ ಮತ್ತು ಬೀರಪ್ಪ ಕೊಂಬು ಅಗೆದು ತೆಗೆದರು. ಒಳಗೆ ಸಗಣಿ ಇರಲಿಲ್ಲ. ಕರ್ರಗೆ, ಮೆತ್ತಗೆ, ಕಾಡಿನ ನೆಲದಂಥ ಪುಡಿ ಇತ್ತು. ಬೀರಪ್ಪ ಅದನ್ನು ಬೆರಳಲ್ಲಿ ಹೊಸಕಿ, "ಅರೆ!" ಅಂದ. ಆಮೇಲೆ ಹೆಂಡತಿ ಹೇಳುವ ಮೊದಲೇ ಹಂಡೆಗೆ ನೀರು ತುಂಬಿ, ಕೋಲು ತೆಗೆದುಕೊಂಡು ಕದಡತೊಡಗಿದ. ನೀರು ಸುಳಿಸುಳಿಯಾಗಿ ತಿರುಗಿತು. ಕೈ ಸೋತರೂ ಬಿಡಲಿಲ್ಲ. ಸಂಜೆ ಇಬ್ಬರೂ ಬೇವಿನ ಸೊಪ್ಪಿನ ಕಟ್ಟು ಹಿಡಿದು ತೋಟದ ತುಂಬ ಆ ನೀರು ಚಿಮುಕಿಸಿದರು.

ಬೆಳಗ್ಗೆ ಮಾಕವ್ವ ಮಣ್ಣಿನ ಮೇಲೆ ಕೈಯಿಟ್ಟಳು. ತಣ್ಣಗಿತ್ತು. ಜ್ವರ ಬಿಟ್ಟಿತ್ತು. ಎರೆಹುಳವೊಂದು ತಲೆಯೆತ್ತಿ ನೋಡಿ ಒಳಗೆ ಹೋಯಿತು.

"ಈಗ ಹೇಗಿದೆ?"

"ಹಗುರ ಆಗಿದೆ" ಅಂತು ಮಣ್ಣು. ಆದರೆ ಅದರ ದನಿಯಲ್ಲಿ ಅಂಜಿಕೆ ಹಾಗೇ ಇತ್ತು. "ಮಾಕವ್ವ, ನಾನು ಮೆತ್ತಗಾಗಿದ್ದೀನಿ. ಈಗ ಮಳೆ ಬಂದರೆ ಇನ್ನೂ ಬೇಗ ಕೊಚ್ಚಿಕೊಂಡು ಹೋಗ್ತೀನಿ. ಯಾರಾದರೂ ನನ್ನ ಹಿಡ್ಕೊಳ್ಳಿ."

ಬೆಟ್ಟದ ಹಿಂದೆ ಮೋಡ ಏಳತೊಡಗಿತ್ತು.

ಮಾಕವ್ವ ತೋಟದ ನಡುವೆ ನಿಂತು ಗಿಡಗಳನ್ನೆಲ್ಲ ಕೇಳಿದಳು. "ಇದುವರೆಗೂ ಮಣ್ಣು ನಿಮ್ಮನ್ನ ಹಿಡಿದು ನಿಲ್ಲಿಸಿತ್ತು. ಈಗ ನಿಮ್ಮಲ್ಲಿ ಯಾರಾದರೂ ಅದನ್ನ ಹಿಡಿದು ನಿಲ್ಲಿಸಬೇಕು. ಯಾರ ಕೈಲಿ ಆಗುತ್ತೆ?"

ತುಳಸಿ ತಲೆ ತಗ್ಗಿಸಿತು. "ನನ್ನ ಬೇರು ಗೇಣುದ್ದ ಮಾಕವ್ವ. ನನ್ನನ್ನೇ ನಾನು ಹಿಡ್ಕೊಳ್ಳೋದು ಕಷ್ಟ."

"ನನಗೆ ಬೇರು ಅನ್ನೋದು ಹೆಸರಿಗೆ ಮಾತ್ರ" ಅಂತು ದೊಡ್ಡಪತ್ರೆ. "ಕಡ್ಡಿ ಮುರಿದು ಇಟ್ಟರೆ ಬದುಕ್ತೀನಿ, ಅಷ್ಟೇ."

"ನಾನು ಬೇರೆಯವರ ಮೈಮೇಲೆ ಹತ್ತೋಳು" ಅಂತು ಅಮೃತಬಳ್ಳಿ.  ಅರಿಶಿನದ ಕಣ್ಣಲ್ಲಿ ನೀರಿತ್ತು. ಯಾರಿಗೂ ಮನಸ್ಸಿಲ್ಲ ಅಂತಲ್ಲ. ಯಾರ ಕೈಲೂ ಆಗುವಂತಿರಲಿಲ್ಲ.

ಲಾವಂಚ ಎಲ್ಲವನ್ನೂ ಕೇಳುತ್ತಿತ್ತು. ಅದರ ಬೇರು ಕೂಡ ಆಗ ಬೇರೆ ಹುಲ್ಲುಗಳ ಬೇರಿನಷ್ಟೇ ಇತ್ತು. ಅದರ ಶಕ್ತಿಯೆಲ್ಲ ಮೇಲಕ್ಕೆ, ಹೂವಿಗೆ ಹೋಗುತ್ತಿತ್ತು. ಅದು ಬಗ್ಗಿ ಮಣ್ಣನ್ನು ಕೇಳಿತು.

"ಮಣ್ಣಮ್ಮ, ನಿನಗೆ ಏನಾದರೂ ಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ?"

ಮಣ್ಣಿಗೆ ನಾಚಿಕೆಯಾಯಿತು. ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಒಂದೇ ಒಂದು" ಅಂತು. "ನಿಮ್ಮ ಹೂವೆಲ್ಲ ಘಮ ಘಮ ಅಂತ ಹೇಳ್ತಾರೆ. ಗಾಳಿ ದಿನವೂ ಹೊಗಳುತ್ತೆ. ಅದು ಹೇಗಿರುತ್ತೆ ಅಂತ ನನಗೆ ಗೊತ್ತಿಲ್ಲ. ಘಮ ಮೇಲಕ್ಕೆ ಹೋಗುತ್ತೆ. ನಾನು ಕೆಳಗೆ, ಕತ್ತಲಲ್ಲಿ ಇರ್ತೀನಿ."

ಲಾವಂಚ ತನ್ನ ಹೂವಿನ ಕಡೆ ನೋಡಿಕೊಂಡಿತು. ತಾನು ಬೀಜವಾಗಿದ್ದಾಗಿನಿಂದ ಮಡಿಲಲ್ಲಿಟ್ಟು ಸಾಕಿದವಳಿಗೆ ತನ್ನ ಘಮ ಹೇಗಿರುತ್ತದೆ ಅಂತಲೇ ಗೊತ್ತಿಲ್ಲ! 

ಆ ಬೆಳಗ್ಗೆ ಚಂದ್ರ ಇನ್ನೂ ಆಕಾಶದಲ್ಲೇ ಇದ್ದ. ಬಿಳಿಚಿಕೊಂಡು ಬೆಟ್ಟದ ಕಡೆ ಇಳಿಯುತ್ತಿದ್ದ. ಲಾವಂಚ ಅವನನ್ನು ಕೂಗಿತು. "ಚಂದ್ರಣ್ಣ, ನಾನು ಬೇರನ್ನ ಆಳಕ್ಕೆ ಬಿಡಬೇಕು. ಹೇಗೆ?"

"ಈಗ ನಾನು ಕೆಳಕ್ಕೆ ಇಳಿಯುವ ದಿನಗಳು" ಅಂದ ಚಂದ್ರ. "ನನ್ನ ಜೊತೆ ಗಿಡದೊಳಗಿನ ರಸವೂ ಕೆಳಕ್ಕೆ ಇಳಿಯುತ್ತೆ. ನೀನು ತಡೆಯದೆ ಬಿಟ್ಟುಕೊಟ್ಟರೆ ಬೇರು ಎಷ್ಟು ಆಳ ಬೇಕಾದರೂ ಹೋಗುತ್ತೆ. ಆದರೆ ಯೋಚನೆ ಮಾಡು. ಮೇಲಿರುವ ಶಕ್ತಿಯೆಲ್ಲ ಇಳಿದರೆ ಘಮವೂ ಇಳಿಯುತ್ತೆ. ಒಮ್ಮೆ ಇಳಿದದ್ದು ಮತ್ತೆ ಹೂವಿಗೆ ಏರೋದಿಲ್ಲ."

ಗೊಂಚಲಿನ ಮೇಲೆ ಕೂತಿದ್ದ ಜೇನುಹುಳ ಗಾಬರಿಯಿಂದ ಎದ್ದಿತು. "ಬೇಡ ಬೇಡ! ಘಮ ಇಲ್ಲದಿದ್ದರೆ ನಾವು ನಿನ್ನ ಹತ್ತಿರ ಬರೋದು ಹೇಗೆ? ನಾವು ಬರದಿದ್ದರೆ ನಿನಗೆ ಬೀಜ ಕಟ್ಟೋದು ಹೇಗೆ? ನಿನ್ನ ಮಕ್ಕಳು ಹುಟ್ಟೋದು ಹೇಗೆ?"

 ಘಮ ಹೋದರೆ ಹೋಗಲಿ ಅಂತ ಲಾವಂಚ ಮನಸ್ಸು ಗಟ್ಟಿ ಮಾಡಿಕೊಂಡಿತ್ತು. ಮಕ್ಕಳ ಮಾತು ಬಂದಾಗ ಆ ಗಟ್ಟಿತನ ಕರಗಿಹೋಯಿತು. ಮೆಲ್ಲಗೆ ಕರೆಯಿತು.

"ಮಾಕವ್ವ."

"ಹೇಳು ಕಂದ."

"ನನ್ನ ವಂಶ ನನಗೇ ಮುಗಿದುಹೋಗುತ್ತಾ?"

ಮಾಕವ್ವ ಅದರ ಬುಡದ ಹತ್ತಿರ ಕೂತಳು. ಮಕ್ಕಳಿಲ್ಲದ ಮನೆ ಹೇಗಿರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಬೇಗ ಬೇಗ ಸಮಾಧಾನ ಹೇಳಲು ಅವಳಿಂದ ಆಗಲಿಲ್ಲ. ಲಾವಂಚದ ಬುಡವನ್ನು ಸವರಿದಳು. ಅಲ್ಲಿ ಬುಡದಿಂದಲೇ ಒಡೆದ ಮರಿಗಿಡಗಳು, ಮೋಸುಗಳು, ಒತ್ತೊತ್ತಾಗಿ ಎದ್ದಿದ್ದವು, ತಾಯಿಯ ಸೆರಗು ಹಿಡಿದ ಮಕ್ಕಳ ಹಾಗೆ.

"ಇಲ್ಲಿ ನೋಡು" ಅಂದಳು. "ನಿನ್ನ ಮಕ್ಕಳು ಇಲ್ಲೇ ಇದ್ದಾರೆ. ಬೀಜ ಕಟ್ಟದಿದ್ದರೆ ಏನಾಯ್ತು, ನಾನು ಇವರನ್ನ ಒಬ್ಬೊಬ್ಬರನ್ನಾಗಿ ಬಿಡಿಸಿ ನನ್ನ ಕೈಯಾರೆ ನೆಡ್ತೀನಿ. ನನ್ನ ಕಾಲ ಆದಮೇಲೆ ನನ್ನಂಥ ಇನ್ನೊಬ್ಬಳು ನೆಡ್ತಾಳೆ. ಮನುಷ್ಯರ ಕೈ ಇರೋವರೆಗೂ ನಿನ್ನ ವಂಶ ಇರುತ್ತೆ."

"ಮನುಷ್ಯರು ಮರೀತಾರೆ" ಅಂತು ಲಾವಂಚ.

ಆಗ ಹಿಂದಿನಿಂದ ಬೀರಪ್ಪನ ದನಿ ಕೇಳಿತು. "ಮರೆಯೋದಿಲ್ಲ. ನಾನೂ ನೆಡ್ತೀನಿ."

ಮಾಕವ್ವ ತಿರುಗಿ ನೋಡಿದಳು. ಆಚೆ ದಡಕ್ಕೆ ಹೋಗೋಣ ಅಂದಿದ್ದ ಗಂಡ ಪಂಚೆ ಮೇಲಕ್ಕೆ ಕಟ್ಟಿ, ಗುದ್ದಲಿ ಹಿಡಿದು ನಿಂತಿದ್ದ.

"ಸುಮ್ಮನೆ ಯಾಕೆ ನೋಡ್ತೀಯ?" ಅಂದ. "ಮೋಡ ಏರ್ತಾ ಇದೆ. ಎಲ್ಲಿಂದ ಶುರು ಮಾಡಲಿ ಹೇಳು."

ಲಾವಂಚ ಒಂದು ಸಲ ಗಾಳಿಯ ಕಡೆ ನೋಡಿತು, ಒಂದು ಸಲ ಜೇನುಹುಳದ ಕಡೆ. "ಆಯ್ತು" ಅಂತು.

ಬೀರಪ್ಪ ಬುಡ ಅಗೆದು ಕೊಟ್ಟ. ಮಾಕವ್ವ ಮೋಸುಗಳನ್ನು ಬಿಡಿಸಿದಳು. ಹಟ್ಟಿಯಿಂದ ಬಂದ ಗಿರಿಯಮ್ಮ ಕೂಸನ್ನು ಮರದ ನೆರಳಲ್ಲಿ ಜೋಳಿಗೆ ಕಟ್ಟಿ ಮಲಗಿಸಿ, ತಾನೂ ಸೆರಗು ಸಿಕ್ಕಿಸಿಕೊಂಡು ಇಳಿದಳು. ಇಳಿಜಾರಿಗೆ ಅಡ್ಡಲಾಗಿ ಸಾಲು ಹಿಡಿದು ನೆಟ್ಟರು, ಮೇಲಿನಿಂದ ಹೊಳೆಯ ಅಂಚಿನವರೆಗೆ. ಕೂಸು ಜೋಳಿಗೆಯಲ್ಲಿ ಕೆಮ್ಮಿದಾಗಲೆಲ್ಲ ಗಿರಿಯಮ್ಮನ ಕೈ ಇನ್ನೂ ಚುರುಕಾಗುತ್ತಿತ್ತು.

ಅದಾದ ಮೇಲೆ ಲಾವಂಚ ದಿನದಿನವೂ ತನ್ನನ್ನು ಕೆಳಕ್ಕೆ ಬಿಟ್ಟುಕೊಟ್ಟಿತು. ಚಂದ್ರ ಇಳಿದ, ರಸ ಇಳಿಯಿತು, ಬೇರು ಇಳಿಯಿತು. ಸಾಲಿನಲ್ಲಿದ್ದ ಪುಟ್ಟ ಮೋಸುಗಳೂ ತಾಯಿಯನ್ನು ನೋಡಿ ಹಾಗೇ ಮಾಡಿದವು. ಬೇರುಗಳು ಕೂದಲಿನಷ್ಟು ತೆಳ್ಳಗೆ, ಜಡೆಯಷ್ಟು ಗಟ್ಟಿ. ಕಲ್ಲು ಬಂದರೆ ಬಳಸಿಕೊಂಡು ಹೋದವು. ಬಂಡೆಯ ಸಂದಿಗೂ ನುಗ್ಗಿದವು.

ಒಂದು ಮಧ್ಯಾಹ್ನ ಮಳೆ ಬಂತು. ಹೊಸ ಲೋಕದ ಮಳೆ, ಅದಕ್ಕೆ ಅಳತೆ ಗೊತ್ತಿರಲಿಲ್ಲ. ಆಕಾಶವೇ ಸೋರಿದ ಹಾಗೆ ಸುರಿಯಿತು. ನೀರು ಇಳಿಜಾರಿನಲ್ಲಿ ಕೂಗುತ್ತಾ ಓಡಿತು. ಕೆಳಗೆ ಹೊಳೆ ಎದ್ದು ನಿಂತು ಕರೆಯಿತು.

"ಬಾ ಮಣ್ಣೇ, ಬಾ! ಸಮುದ್ರ ನೋಡ್ಕೊಂಡು ಬರೋಣ ಬಾ!"

ಹೊಳೆಗೆ ಕೆಟ್ಟ ಬುದ್ಧಿ ಇರಲಿಲ್ಲ. ಒಬ್ಬಳೇ ಅಷ್ಟು ದೂರ ಹೋಗಲು ಅದಕ್ಕೆ ಬೇಜಾರು, ಅಷ್ಟೇ. ಆದರೂ ಮಣ್ಣಿನ ಕಾಲು ಜಾರಿತು. ಮೇಲಿನ ಒಂದು ಹಾಸು ಸರಿಯಿತು. ಗುಡಿಸಲಿನ ಬಾಗಿಲಲ್ಲಿ ಮಾಕವ್ವ ಗಂಡನ ತೋಳು ಹಿಡಿದು ನಿಂತಿದ್ದಳು. ಕೂಸು ವಾಸಿಯಾಗುವವರೆಗೆ ಅಂತ ಅಲ್ಲೇ ಉಳಿದುಕೊಂಡಿದ್ದ ಗಿರಿಯಮ್ಮ ಅದನ್ನು ಎದೆಗೆ ಅಪ್ಪಿಕೊಂಡಿದ್ದಳು.

"ಹೋಗ್ತಾ ಇದ್ದೀನಿ!" ಅಂತ ಮಣ್ಣು ಕೂಗಿತು.

"ಎಲ್ಲಿಗೂ ಹೋಗೋದಿಲ್ಲ" ಅಂತು ಲಾವಂಚ. ಕೆಳಗೆ, ಕತ್ತಲಲ್ಲಿ, ತನ್ನ ಬೇರುಗಳನ್ನೆಲ್ಲ ಒಟ್ಟಿಗೆ ಬಿಗಿಮಾಡಿ ಮಣ್ಣನ್ನು ಅಪ್ಪಿಕೊಂಡಿತು. ಅದರ ಪಕ್ಕದ್ದು ಅಪ್ಪಿಕೊಂಡಿತು. ಸಾಲಿಗೆ ಸಾಲು ಅಪ್ಪಿಕೊಂಡವು. ನೀರು ಮೇಲಿನಿಂದ ಗುದ್ದಿತು, ಪಕ್ಕದಿಂದ ಎಳೆಯಿತು. ಲಾವಂಚದ ಮೈಯಲ್ಲಿ ಇನ್ನು ಶಕ್ತಿ ಉಳಿಯಲಿಲ್ಲ. ಉಳಿದಿದ್ದದ್ದು ಹೂವಿನ ಘಮ ಒಂದೇ. ಅದನ್ನೂ ಬಿಟ್ಟುಕೊಟ್ಟಿತು. ಕಡ್ಡಿಯೊಳಗಿಂದ, ಬುಡದೊಳಗಿಂದ, ಕೂದಲೆಳೆಯಂಥ ಬೇರುಗಳ ತುದಿತುದಿಗೂ ಘಮ ಇಳಿಯಿತು.

ಮಣ್ಣು ಕೂಗುವುದನ್ನು ಥಟ್ಟನೆ ನಿಲ್ಲಿಸಿತು.

"ಏನಿದು?" ಅಂತು.

"ಇದೇ ಕಣಮ್ಮ, ಘಮ ಅನ್ನೋದು" ಅಂತು ಲಾವಂಚ. ಅದರ ದನಿ ಬಹಳ ಕ್ಷೀಣವಾಗಿತ್ತು.

ಮಣ್ಣು ಒಂದು ಉಸಿರು ಎಳೆದುಕೊಂಡಿತು, ನಿಧಾನವಾಗಿ, ಮೊದಲನೇ ಸಲ. ಆಮೇಲೆ ಇನ್ನೊಂದು. ಭಯ ಹೋಯಿತು. ಲಾವಂಚ ಮಣ್ಣನ್ನು ಹಿಡಿದಿತ್ತಲ್ಲ, ಈಗ ಮಣ್ಣೂ ಲಾವಂಚವನ್ನು ಹಿಡಿದುಕೊಂಡಿತು, ಎರಡೂ ಕೈಯಿಂದ, ಬಿಗಿಯಾಗಿ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡ ಮೇಲೆ ಮಳೆಯ ಆಟ ನಡೆಯಲಿಲ್ಲ. ಸಂಜೆಯ ಹೊತ್ತಿಗೆ ಅದು ಸುಸ್ತಾಗಿ ಬೆಟ್ಟದಾಚೆ ಹೋಯಿತು. ಹೊಳೆ, "ಸರಿ, ನಾನೊಬ್ಬಳೇ ಹೋಗಿಬರ್ತೀನಿ" ಅಂತ ಹೊರಟಿತು. ಇಳಿಜಾರಿನ ಅಂಚಿನಲ್ಲಿ ಅದರ ನೀರು ತಿಳಿಯಾಗಿತ್ತು.

ಮಳೆ ನಿಂತ ಮೇಲೆ ಗಾಳಿ ಬಂತು. ದಿನದಂತೆ ಮಡಿಲು ಚಾಚಿ ಲಾವಂಚದ ಮುಂದೆ ನಿಂತಿತು. ಹೂವಿನ ನೀಲಿ ಹೋಗಿ ಕಂದು ಬಣ್ಣ ಬಂದಿತ್ತು. ಮೂಸಿ ನೋಡಿತು. ಏನೂ ಇಲ್ಲ. ಅದಕ್ಕೆ ಅರ್ಥವಾಯಿತು. ಕಡ್ಡಿಯನ್ನು ಒಂದು ಸಲ ಮೆಲ್ಲಗೆ ತೂಗಿ ಮುಂದಕ್ಕೆ ಹೋಯಿತು. ಜೇನುಹುಳ ಬಹಳ ಹೊತ್ತು ಸುತ್ತಿತು. ಕೂರುವುದೋ ಬೇಡವೋ ತಿಳಿಯದೆ, ಕೊನೆಗೆ ತುಳಸಿಯ ಕಡೆ ಹೊರಟಿತು.

ಮಾಕವ್ವ ಕೆಸರಿನಲ್ಲಿ ಕೂತು ಲಾವಂಚದ ಗರಿಗಳನ್ನು ಒರೆಸಿದಳು. "ನೋವಾಗ್ತದಾ?" ಅಂತ ಕೇಳಿದಳು.

"ಮೇಲೆ ಬಿಕೋ ಅನ್ನುತ್ತೆ" ಅಂತು ಲಾವಂಚ. "ಕೆಳಗೆ ಬೆಚ್ಚಗಿದೆ."

ಆಮೇಲಿನ ದಿನಗಳಲ್ಲಿ ತೋಟ ಚಿಗುರಿತು. ಒಂದು ಬೆಳಗ್ಗೆ ಮಾಕವ್ವ ದೊಡ್ಡಪತ್ರೆಯ ಎಲೆಯನ್ನು ಮುಟ್ಟಿದಳಷ್ಟೇ, ಕೈಯೆಲ್ಲ ಘಾಟು. ಅವಳು ಅಲ್ಲಿಂದಲೇ ಕೂಗಿದಳು, "ಗಿರಿಯಮ್ಮಾ! ಕೂಸನ್ನ ಕರಕೊಂಡು ಬಾ!" ಎಲೆ ಬಾಡಿಸಿ, ರಸ ಹಿಂಡಿ, ಜೇನಿನಲ್ಲಿ ಕಲಸಿ ಬಾಯಿಗೆ ಸವರಿದಳು. ಕೂಸು ಮುಖ ಹಿಂಡಿತು. ಆ ಖಾರಕ್ಕೆ ಕಣ್ಣು ಪಿಳಿಪಿಳಿ ಮಾಡಿತು. ಮಧ್ಯಾಹ್ನದ ಹೊತ್ತಿಗೆ ಎದೆಯ ಗೊರಗೊರ ಕಡಿಮೆಯಾಯಿತು. ಕೂಸು ಕೆಮ್ಮದೆ ಮಲಗಿತು. ಗಿರಿಯಮ್ಮ ಅದರ ಪಕ್ಕ ಕೂತು, ಉಸಿರಾಡುವುದನ್ನೇ ನೋಡುತ್ತಾ ನೋಡುತ್ತಾ ತಾನೂ ನಿದ್ದೆಹೋದಳು. ಎಷ್ಟೋ ದಿನದಿಂದ ಅವಳೂ ಮಲಗಿರಲಿಲ್ಲ.

ಮಾಕವ್ವ ಇಬ್ಬರಿಗೂ ಕಂಬಳಿ ಹೊದಿಸಿ ಹೊರಗೆ ಬಂದಳು. ಬೀರಪ್ಪ ಜಗಲಿಯ ಮೇಲೆ ಕೂತಿದ್ದ.

"ಮಲಗಿತಾ?"

"ಮಲಗಿತು. ತಾಯಿನೂ ಮಲಗಿದಳು."

"ಹಾಗಾದರೆ ಹೊಳೆಯಂಚಿಗೆ ಇನ್ನೊಂದು ಸಾಲು ಹಾಕಿ ಬರ್ತೀನಿ" ಅಂತ ಬೀರಪ್ಪ ಎದ್ದ. "ಮಾತು ಕೊಟ್ಟಿದ್ದೀವಲ್ಲ."

ಬದುಕಿರುವವರೆಗೂ ಆ ಗಂಡ ಹೆಂಡತಿ ಮಾತು ತಪ್ಪಲಿಲ್ಲ. ಅವರ ನಂತರ ಗಿರಿಯಮ್ಮನ ಕೂಸು ನೆಟ್ಟಿತು. ಅದು ಹೆಣ್ಣುಕೂಸು. ಬೆಳೆದು ಇಳಿಜಾರಿನ ಪೂರ್ತಿ ಲಾವಂಚದ ಸಾಲು ಮಾಡಿದಳು. ಅವಳ ಕೈಯಿಂದ ಇನ್ನೊಬ್ಬರ ಕೈಗೆ, ಅವರ ಕೈಯಿಂದ ಮತ್ತೊಬ್ಬರ ಕೈಗೆ ಹೋಯಿತು. ಬರುಬರುತ್ತಾ ಲೋಕ ಹಳೆಯದಾಯಿತು, ಗಿಡಗಳ ಮಾತು ನಮಗೆ ತಿಳಿಯದಾಯಿತು. ಮೋಸು ಬಿಡಿಸಿ ನೆಡುವುದು ಮಾತ್ರ ನಿಲ್ಲಲಿಲ್ಲ.

ಅದಕ್ಕೇ ಮಗಳೇ, ಲಾವಂಚದ ಹೂವನ್ನು ಎಷ್ಟು ಮೂಸಿದರೂ ನಿನಗೆ ಏನೂ ಸಿಗುವುದಿಲ್ಲ, ಬೀಜ ಹುಡುಕಿದರೆ ಬೀಜವೂ ಸಿಗುವುದಿಲ್ಲ. ಯಾರೋ ಕೈಯಾರೆ ನೆಟ್ಟ ಕಡೆ ಮಾತ್ರ ಅದು ಬೆಳೆಯುತ್ತದೆ, ಮತ್ತು ಅದರ ಘಮದ ಬೇರನ್ನು ಕೀಳಲು ಹೋದರೆ ಮಣ್ಣು ಎರಡೂ ಕೈಯಿಂದ ಹಿಡಿದುಕೊಂಡು ಬಿಡುವುದೇ ಇಲ್ಲ.